ಲಾ ತ್ರಾಪ್: ಒಂದು ಮಠದ ಸುಧಾರಣೆ ಸಭೆಯಾಗಿ ಬೆಳೆದ ಬಗೆ

ಫ್ರಾನ್ಸಿನ ನಾರ್ಮಂಡಿಯ ಅಂಚಿನಲ್ಲಿರುವ ಪೆರ್ಶ್ ಸೀಮೆ ಕಾಡು, ಕೆರೆ, ಜೌಗು ನೆಲಗಳ ನಾಡು. ಅಲ್ಲಿನ ಸೊಲಿನ್ಯಿ ಎಂಬ ಹಳ್ಳಿಯ ಬಳಿ ಇರುವ ಲಾ ತ್ರಾಪ್ ಮಠದಿಂದಲೇ ಟ್ರಾಪಿಸ್ಟ್ ಸನ್ಯಾಸಿಗಳಿಗೆ ಆ ಹೆಸರು ಬಂದಿದೆ. ಮೌನಕ್ಕೂ ಉಪವಾಸಕ್ಕೂ ದೇಹಶ್ರಮಕ್ಕೂ ಹೆಸರಾದ ಈ ಕಥೋಲಿಕ ಸನ್ಯಾಸ ಸಭೆಯನ್ನು ಇಂಥ ದಿನ ಇಂಥವನು ಸ್ಥಾಪಿಸಿದ ಎಂದು ಹೇಳಲು ಬರುವುದಿಲ್ಲ. 17ನೇ ಶತಮಾನದಲ್ಲಿ ಒಬ್ಬ ಮಠಾಧಿಪತಿ ತನ್ನದೊಂದು ಮಠವನ್ನು ಹಳೆಯ ನಿಯಮಕ್ಕೆ ತಿರುಗಿಸಲು ಹೊರಟ. ಆ ಸುಧಾರಣೆ ಪ್ರತ್ಯೇಕ ಸಭೆಯಾಗಿ ಮನ್ನಣೆ ಪಡೆದದ್ದು 1892ರಲ್ಲಿ, ಅವನು ತೀರಿಕೊಂಡು ಸುಮಾರು ಇನ್ನೂರು ವರ್ಷಗಳಾದ ಮೇಲೆ. ಈ ನಡುವೆ ಒಂದು ಮಹಾಕ್ರಾಂತಿ ನಡೆದು ಮಠ ನೆಲಸಮವಾಯಿತು, ಅದರ ಸನ್ಯಾಸಿಗಳು ರಷ್ಯದವರೆಗೆ ಅಲೆದರು.

ಮಠದ ಹುಟ್ಟಿಗೆ ಒಂದು ಹಡಗಿನ ದುರಂತ ಕಾರಣ. 1120ರ ನವೆಂಬರ್ 25ರ ರಾತ್ರಿ ನಾರ್ಮಂಡಿಯ ಬಾರ್ಫ್ಲರ್ ಬಂದರಿನಿಂದ ಇಂಗ್ಲೆಂಡಿಗೆ ಹೊರಟ ‘ಬಿಳಿ ಹಡಗು’ ಬಂಡೆಗೆ ಬಡಿದು ಮುಳುಗಿತು. ಇಂಗ್ಲೆಂಡಿನ ದೊರೆ ಒಂದನೇ ಹೆನ್ರಿಯ ಏಕೈಕ ಔರಸ ಪುತ್ರನೊಂದಿಗೆ ಅವನ ಮಗಳು ಮಟಿಲ್ಡಾ ಕೂಡ ಅದರಲ್ಲಿ ಸತ್ತಳು. ಅವಳು ಪೆರ್ಶ್‌ನ ಸಾಮಂತ ಮೂರನೇ ರೊತ್ರೂವಿನ ಹೆಂಡತಿ. ಅವಳ ನೆನಪಿಗಾಗಿ ರೊತ್ರೂ 1122ರಲ್ಲಿ ಲಾ ತ್ರಾಪ್‌ನಲ್ಲಿ ಮಾತೆ ಮರಿಯಮ್ಮನ ಹೆಸರಿನ ಗುಡಿಯೊಂದನ್ನು ಕಟ್ಟಿಸಿದ. ಅದರ ಚಾವಣಿಯನ್ನು ಬೋರಲು ಹಾಕಿದ ಹಡಗಿನ ಆಕಾರದಲ್ಲಿ ಮಾಡಿಸಿದ ಎಂದು ಮಠದ ಪರಂಪರೆ ಹೇಳುತ್ತದೆ. ಕೆಲವು ವರ್ಷಗಳ ನಂತರ ಗುಡಿಯ ಪಕ್ಕದಲ್ಲಿ ಮಠ ಎದ್ದಿತು. 1140ರಲ್ಲಿ ಬ್ರಯ್-ಬೆನ್ವಾ ಮಠದಿಂದ ಸನ್ಯಾಸಿಗಳು ಬಂದು ನೆಲೆಸಿದರು. ಅವರು ಸಾವಿನ್ಯಿ ಎಂಬ ಮಠಸಮೂಹಕ್ಕೆ ಸೇರಿದವರು. 1147ರಲ್ಲಿ ಆ ಸಮೂಹ ಇಡಿಯಾಗಿ ಸಿಸ್ಟರ್ಸಿಯನ್ ಸಭೆಯಲ್ಲಿ ಸೇರಿಹೋದಾಗ ಲಾ ತ್ರಾಪ್ ಕೂಡ ಸಿಸ್ಟರ್ಸಿಯನ್ ಮಠವಾಯಿತು.

ಸಿಸ್ಟರ್ಸಿಯನ್ ಸಭೆಯೂ ಒಂದು ಸುಧಾರಣೆಯ ಫಲವೇ. ಪಶ್ಚಿಮದ ಕ್ರೈಸ್ತ ಸನ್ಯಾಸಿಗಳಿಗೆಲ್ಲ ಆಧಾರವಾದದ್ದು 6ನೇ ಶತಮಾನದಲ್ಲಿ ಇಟಲಿಯ ಸಂತ ಬೆನೆಡಿಕ್ಟ್ ಬರೆದ ನಿಯಮಾವಳಿ. ದಿನವನ್ನು ಪ್ರಾರ್ಥನೆ, ದುಡಿಮೆ, ಪವಿತ್ರ ಗ್ರಂಥಗಳ ಓದು ಎಂದು ಅದು ಹಂಚಿಕೊಡುತ್ತದೆ. ಕಾಯಿಲೆಯವರನ್ನು ಬಿಟ್ಟು ಉಳಿದವರು ನಾಲ್ಕು ಕಾಲಿನ ಪ್ರಾಣಿಗಳ ಮಾಂಸ ಮುಟ್ಟಬಾರದು ಎನ್ನುತ್ತದೆ. ಕಾಲ ಕಳೆದಂತೆ ಮಠಗಳಿಗೆ ಭೂಮಿಕಾಣಿ ಸೇರಿತು, ಸನ್ಯಾಸಿಗಳ ಕೈಗೆ ಗುದ್ದಲಿ ತಪ್ಪಿತು. 1098ರಲ್ಲಿ ಮೊಲೆಮಿನ ರಾಬರ್ಟ್ ತನ್ನ ಶ್ರೀಮಂತ ಮಠವನ್ನು ಬಿಟ್ಟು, ಸಂಗಡಿಗರೊಂದಿಗೆ ಬರ್ಗಂಡಿಯ ಸಿತೋ ಎಂಬ ಜೌಗು ಕಾಡಿಗೆ ಹೋಗಿ ನಿಯಮಾವಳಿಯನ್ನು ಅಕ್ಷರಶಃ ಬಾಳಲು ತೊಡಗಿದ. ಕ್ಲೇರ್ವೋದ ಸಂತ ಬರ್ನಾರ್ಡ್ ಈ ಸಭೆಗೆ ಸೇರಿದ ಮೇಲೆ ಅದು ಯೂರೋಪಿನ ಉದ್ದಗಲಕ್ಕೆ ಹಬ್ಬಿತು. ಅವನು 1153ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಮಠಗಳ ಸಂಖ್ಯೆ ಮುನ್ನೂರು ದಾಟಿತ್ತು. ಹೊಸ ನೆಲ ಒಡೆದು ಬೇಸಾಯ ಮಾಡುವುದರಲ್ಲಿ, ಕುರಿ ಸಾಕಣೆಯಲ್ಲಿ, ನೀರಿನ ಕಾಲುವೆ ತೆಗೆಯುವುದರಲ್ಲಿ ಈ ಬಿಳಿ ನಿಲುವಂಗಿಯ ಸನ್ಯಾಸಿಗಳು ನಿಪುಣರಾದರು. ಆ ನಿಪುಣತೆಯೇ ಅವರನ್ನೂ ಶ್ರೀಮಂತರನ್ನಾಗಿಸಿತು.

ಇಂಗ್ಲೆಂಡ್ ಮತ್ತು ಫ್ರಾನ್ಸ್ ನಡುವಿನ ನೂರು ವರ್ಷಗಳ ಯುದ್ಧದಲ್ಲಿ ಲಾ ತ್ರಾಪ್ ಸೈನಿಕರ ಲೂಟಿಗೂ ಬೆಂಕಿಗೂ ತುತ್ತಾಯಿತು. ಸನ್ಯಾಸಿಗಳು ಚೆದುರಿದರು. 15ನೇ ಶತಮಾನದ ಕೊನೆಗೆ ಸಿಸ್ಟರ್ಸಿಯನ್ನರಿಗೆ ವಾರದಲ್ಲಿ ಮೂರು ದಿನ ಮಾಂಸ ತಿನ್ನುವ ಅನುಮತಿಯೂ ಸಿಕ್ಕಿತು. ಆದರೆ ಯುದ್ಧಕ್ಕಿಂತ, ಮಾಂಸದೂಟಕ್ಕಿಂತ ಹೆಚ್ಚು ಹಾನಿ ಮಾಡಿದ್ದು ‘ಕೊಮೆಂದ್’ ಪದ್ಧತಿ. 1516ರಲ್ಲಿ ಫ್ರಾನ್ಸಿನ ದೊರೆ ಒಂದನೇ ಫ್ರಾನ್ಸಿಸ್ ಮತ್ತು ಪೋಪ್ ಹತ್ತನೇ ಲಿಯೊ ಬೊಲೋನ್ಯದಲ್ಲಿ ಮಾಡಿಕೊಂಡ ಒಪ್ಪಂದದಂತೆ, ಮಠಾಧಿಪತಿಗಳನ್ನು ಆರಿಸುವ ಹಕ್ಕು ಸನ್ಯಾಸಿಗಳ ಕೈತಪ್ಪಿ ದೊರೆಯ ಪಾಲಾಯಿತು. ದೊರೆ ಆ ಹುದ್ದೆಗಳನ್ನು ತನಗೆ ಬೇಕಾದ ಮನೆತನಗಳಿಗೆ ಉಂಬಳಿಯಂತೆ ಕೊಟ್ಟ. ಹೀಗೆ ನೇಮಕಗೊಂಡವನು ಸನ್ಯಾಸಿಯಾಗಿರಬೇಕಿರಲಿಲ್ಲ, ಮಠದಲ್ಲಿ ಇರಬೇಕಿರಲಿಲ್ಲ, ಮಠವನ್ನು ಕಣ್ಣಲ್ಲಿ ನೋಡಿರಬೇಕೆಂಬ ಕಟ್ಟಳೆಯೂ ಇರಲಿಲ್ಲ. ಆದಾಯದ ದೊಡ್ಡ ಪಾಲು ಅವನಿಗೆ ಹೋಗುತ್ತಿತ್ತು. ಉಳಿದ ಚೂರುಪಾರಿನಲ್ಲಿ ಬೆರಳೆಣಿಕೆಯ ಸನ್ಯಾಸಿಗಳು ಬದುಕಬೇಕಿತ್ತು, ಕಟ್ಟಡ ಉಳಿಸಿಕೊಳ್ಳಬೇಕಿತ್ತು. ಗುರುವಿಲ್ಲದ ಮಠದಲ್ಲಿ ಶಿಸ್ತು ಎಷ್ಟು ದಿನ ಉಳಿದೀತು?

ಇದಕ್ಕೆ ಪ್ರತಿಯಾಗಿ ಸಿಸ್ಟರ್ಸಿಯನ್ನರ ಒಳಗಿನಿಂದಲೇ ಒಂದು ಚಳವಳಿ ಎದ್ದಿತು. 17ನೇ ಶತಮಾನದ ಆರಂಭದಲ್ಲಿ ಕ್ಲೇರ್ವೋ ಮಠದ ಸುತ್ತಿನ ಕೆಲವು ಮಠಗಳು ಮಾಂಸವನ್ನು ಮತ್ತೆ ಬಿಟ್ಟವು. ಇವರನ್ನು ‘ವರ್ಜಕರು’ ಎಂದು ಕರೆದರು. ಮುಂದೆ ‘ಕಟ್ಟುನಿಟ್ಟಿನ ಆಚರಣೆ’ ಎಂಬ ಹೆಸರು ನಿಂತಿತು. ಮಾಂಸ ತಿನ್ನುವ ಮಠಗಳದು ‘ಸಾಮಾನ್ಯ ಆಚರಣೆ’. ಎರಡು ಪಕ್ಷಗಳ ನಡುವೆ ದಶಕಗಳ ಕಾಲ ವ್ಯಾಜ್ಯ ನಡೆಯಿತು. ಲಾ ತ್ರಾಪ್ ಈ ಜಗಳದಲ್ಲಿ ಯಾವ ಕಡೆಗೂ ಇರಲಿಲ್ಲ. ಅದಕ್ಕೆ ಆಗ ಅಷ್ಟು ಜೀವವೇ ಉಳಿದಿರಲಿಲ್ಲ.

ಅದನ್ನು ಎತ್ತಿ ನಿಲ್ಲಿಸಿದವನು ಕೊಮೆಂದ್ ಪದ್ಧತಿಯ ಫಲವನ್ನು ಹೊಟ್ಟೆತುಂಬ ಉಂಡವನೇ. ಆರ್ಮಾಂ-ಜಾಂ ಲ ಬೂತಿಲಿಯೆ ದ ರಾನ್ಸೆ 1626ರ ಜನವರಿ 9ರಂದು ಪ್ಯಾರಿಸ್‌ನಲ್ಲಿ ಹುಟ್ಟಿದ. ತಂದೆ ರಾಜಮಾತೆ ಮರಿ ದ ಮೆದಿಚಿಯ ಕಾರ್ಯದರ್ಶಿ. ಜ್ಞಾನಸ್ನಾನದಲ್ಲಿ ಮಗುವಿಗೆ ಧರ್ಮಪಿತನಾದವನು ಫ್ರಾನ್ಸಿನ ಅಧಿಕಾರವನ್ನೆಲ್ಲ ಕೈಯಲ್ಲಿ ಹಿಡಿದಿದ್ದ ಕಾರ್ಡಿನಲ್ ರಿಶೆಲ್ಯು. ಧರ್ಮಸೇವೆಗೆಂದು ಮೀಸಲಾಗಿದ್ದ ಅಣ್ಣ ಸತ್ತಾಗ, ಅವನ ಹೆಸರಿನಲ್ಲಿದ್ದ ಮಠಗಳು ಕುಟುಂಬದ ಕೈತಪ್ಪದಿರಲೆಂದು ಹನ್ನೊಂದರ ಆಸುಪಾಸಿನ ಈ ಹುಡುಗನಿಗೆ ವರ್ಗವಾದವು. ಮೂರು ಮಠಗಳು, ಎರಡು ಕಿರುಮಠಗಳು, ಜೊತೆಗೆ ನೋತ್ರ್ ದಾಮ್ ಪ್ರಧಾನಾಲಯದಲ್ಲಿ ಒಂದು ಸ್ಥಾನ. ಲಾ ತ್ರಾಪ್ ಆ ಮೂರು ಮಠಗಳಲ್ಲಿ ಒಂದು. ಹುಡುಗ ಅಸಾಧಾರಣ ಬುದ್ಧಿವಂತ. 1639ರಲ್ಲಿ, ಹದಿಮೂರರ ವಯಸ್ಸಿನಲ್ಲಿ, ಪ್ರಾಚೀನ ಗ್ರೀಕ್ ಕವಿ ಅನಾಕ್ರಿಯಾನನ ಪದ್ಯಗಳನ್ನು ಟಿಪ್ಪಣಿಗಳೊಂದಿಗೆ ಸಂಪಾದಿಸಿ ಪ್ರಕಟಿಸಿದ, ಪುಸ್ತಕವನ್ನು ರಿಶೆಲ್ಯುಗೆ ಅರ್ಪಿಸಿದ. ಮದ್ಯ ಮತ್ತು ಪ್ರೇಮವನ್ನು ಹಾಡಿದ ಕವಿಯನ್ನು ಅಷ್ಟು ಪ್ರೀತಿಯಿಂದ ಓದಿದ ಹುಡುಗನೇ ಮುಂದೆ ಸನ್ಯಾಸಿಗಳಿಗೆ ವಿದ್ಯೆ ಬೇಡ ಎಂದು ವಾದಿಸಿದವನು ಎಂಬುದನ್ನು ಇಲ್ಲೇ ನೆನಪಿಡಬೇಕು.

1651ರಲ್ಲಿ ಚಿಕ್ಕಪ್ಪನಾದ ತೂರ್ ನಗರದ ಮಹಾಧರ್ಮಾಧ್ಯಕ್ಷನಿಂದ ಅವನಿಗೆ ಗುರುದೀಕ್ಷೆಯಾಯಿತು. 1654ರಲ್ಲಿ ದೈವಶಾಸ್ತ್ರದಲ್ಲಿ ಡಾಕ್ಟರೇಟ್ ಬಂತು. ಆದರೆ ಬದುಕು ರಾಜಾಸ್ಥಾನದ ಸರದಾರನದು. ತೂರ್ ಬಳಿಯ ವೆರೆ ಎಂಬಲ್ಲಿ ಅವನದೊಂದು ಸೊಗಸಾದ ಬಂಗಲೆ ಇತ್ತು. ಬೇಟೆ, ಔತಣ, ಸಲ್ಲಾಪಗಳಲ್ಲಿ ದಿನ ಕಳೆಯುತ್ತಿತ್ತು. ತನಗಿಂತ ಹಿರಿಯಳಾದ, ಚೆಲುವಿಗೆ ಹೆಸರಾದ ಮೋಂಬಜೋಂ ಡಚೆಸ್‌ಳ ಮನೆಗೆ ಅವನ ಬಳಕೆ ಹೆಚ್ಚಿತ್ತು. 1657ರ ಏಪ್ರಿಲಿನಲ್ಲಿ ಅವಳು ಹಠಾತ್ತನೆ ಕಾಯಿಲೆ ಬಿದ್ದು ತೀರಿಕೊಂಡಳು. ಈ ಸಾವಿನ ಸುತ್ತ ಒಂದು ಭಯಾನಕ ಕಥೆ ಹುಟ್ಟಿದೆ: ವಿಷಯ ತಿಳಿಯದೆ ಓಡಿಬಂದ ರಾನ್ಸೆ ಶವಪೆಟ್ಟಿಗೆಗೆ ಹಿಡಿಸಲೆಂದು ತಲೆ ಕತ್ತರಿಸಿಟ್ಟಿದ್ದ ಹೆಣವನ್ನು ಕಂಡನಂತೆ, ಅಲ್ಲೇ ಲೋಕಕ್ಕೆ ಬೆನ್ನು ಹಾಕಿದನಂತೆ. ಇದು ಮೊದಲು ಕಾಣುವುದು 1685ರಲ್ಲಿ ಅವನ ವಿರುದ್ಧ ಅಚ್ಚಾದ ಒಂದು ಹೊತ್ತಗೆಯಲ್ಲಿ. ಬರೆದವನು ಪ್ರಾಟೆಸ್ಟೆಂಟ್ ಪಕ್ಷದವನು, ರಾನ್ಸೆಯ ವೈರಾಗ್ಯದ ಬೆಲೆ ಇಳಿಸುವುದು ಅವನ ಗುರಿ. 1844ರಲ್ಲಿ ಫ್ರೆಂಚ್ ಲೇಖಕ ಶಾತೋಬ್ರಿಯಾಂ ತನ್ನ ‘ರಾನ್ಸೆಯ ಜೀವನ’ದಲ್ಲಿ ಈ ಕಥೆಯನ್ನು ಮತ್ತೆ ಎತ್ತಿಕೊಂಡದ್ದರಿಂದ ಅದಕ್ಕೆ ದೀರ್ಘಾಯುಸ್ಸು ಸಿಕ್ಕಿತು. ಆದರೆ ರಾನ್ಸೆ ಸನ್ಯಾಸಿಯಾದದ್ದು ಅವಳು ಸತ್ತು ಆರು ವರ್ಷಗಳ ನಂತರ. ಒಂದು ಕ್ಷಣದ ಆಘಾತದಿಂದ ಅಷ್ಟು ನಿಧಾನದ ನಿರ್ಧಾರ ಹುಟ್ಟುವುದಿಲ್ಲ.

ಡಚೆಸ್‌ಳ ಸಾವು ಅವನನ್ನು ಅಲುಗಿಸಿದ್ದಂತೂ ನಿಜ. 1660ರಲ್ಲಿ ಒರ್ಲೆಯಾಂ ಡ್ಯೂಕ್ ಗಾಸ್ತೋಂ ತೀರಿಕೊಂಡಾಗ, ಅವನ ಆಸ್ಥಾನಗುರುವಾಗಿದ್ದ ರಾನ್ಸೆ ಹಾಸಿಗೆಯ ಬಳಿಯಲ್ಲೇ ಇದ್ದ. ದೊರೆಯ ಚಿಕ್ಕಪ್ಪನೆನಿಸಿದವನ ಕೊನೆಯನ್ನು ಹತ್ತಿರದಿಂದ ಕಂಡದ್ದು ಎರಡನೇ ಪೆಟ್ಟು. ಅನಂತರ ಅವನು ಧರ್ಮಾಧ್ಯಕ್ಷರಿಂದ ಧರ್ಮಾಧ್ಯಕ್ಷರಿಗೆ ಅಲೆದು ಸಲಹೆ ಕೇಳಿದ. ಪಿರೆನೀಸ್ ಬೆಟ್ಟದ ಕಡೆಯ ಅಲೆತ್ ಮತ್ತು ಕೊಮ್ಯಾಂಜ್ ಧರ್ಮಾಧ್ಯಕ್ಷರು ನೇರವಾಗಿಯೇ ಹೇಳಿದರು: ಇಷ್ಟೊಂದು ಮಠಗಳ ಆದಾಯವನ್ನು ಒಬ್ಬನೇ ತಿನ್ನುವುದು ಸಲ್ಲದು. ರಾನ್ಸೆ ವೆರೆ ಬಂಗಲೆಯನ್ನು ಮಾರಿ ಹಣವನ್ನು ದಾನಕ್ಕೆ ಕೊಟ್ಟ. ಒಂದೊಂದಾಗಿ ಮಠಗಳನ್ನು ಬಿಟ್ಟ. ಕೊನೆಗೆ ತನಗೆಂದು ಇಟ್ಟುಕೊಂಡದ್ದು ಎಲ್ಲಕ್ಕಿಂತ ಬಡವಾದ, ಎಲ್ಲಕ್ಕಿಂತ ಹಾಳಾದ ಲಾ ತ್ರಾಪ್.

1662ರಲ್ಲಿ ಅವನು ಅಲ್ಲಿಗೆ ಬಂದಾಗ ಕಂಡ ಸ್ಥಿತಿಯನ್ನು ಆ ಕಾಲದ ದಾಖಲೆಗಳು ಬಿಡಿಸಿ ಹೇಳುತ್ತವೆ. ಹೆಬ್ಬಾಗಿಲು ಹಗಲೂ ರಾತ್ರಿ ತೆರೆದೇ ಇತ್ತು, ಗಂಡಸರು ಹೆಂಗಸರು ಎನ್ನದೆ ಯಾರು ಬೇಕಾದರೂ ಒಳಗೆ ಓಡಾಡುತ್ತಿದ್ದರು. ಮಹಡಿಯ ಹಲಗೆಗಳು ಕೊಳೆತು, ಕಾಲಿಟ್ಟಲ್ಲಿ ಅಪಾಯವಿತ್ತು. ಸನ್ಯಾಸಿಗಳ ಊಟದ ಮನೆಯಲ್ಲಿ ಮಳೆ ಬಂದ ದಿನಗಳಲ್ಲಿ ಊರವರು ಗುಂಡಾಟ ಆಡುತ್ತಿದ್ದರು. ಮಲಗುವ ಹಜಾರ ರಾತ್ರಿ ಹಕ್ಕಿಗಳ ಪಾಲಾಗಿತ್ತು. ದೇವಾಲಯದ ಗೋಡೆ ಬಿರುಕುಬಿಟ್ಟು, ನೆಲದ ಕಲ್ಲುಗಳು ಕಿತ್ತುಹೋಗಿದ್ದವು. ಉಳಿದಿದ್ದ ಸನ್ಯಾಸಿಗಳು ಹತ್ತಕ್ಕಿಂತ ಕಡಿಮೆ. ಅವರೂ ಒಟ್ಟಿಗೆ ಇರುತ್ತಿರಲಿಲ್ಲ, ಬೇಟೆ ಮೋಜುಗಳಿಗೆ ಮಾತ್ರ ಸೇರುತ್ತಿದ್ದರು. ಸುಧಾರಣೆಯ ಮಾತೆತ್ತಿದಾಗ ಅವರು ಹೊಸಬನನ್ನು ಕೊಲ್ಲುವ ಬೆದರಿಕೆ ಹಾಕಿದರು. ರಾನ್ಸೆ ದೊರೆಗೆ ದೂರು ಒಯ್ಯುವೆನೆಂದ. ಕೊನೆಗೆ ತಲಾ 400 ಲೀವ್ರ್ ವರ್ಷಾಶನದ ಮೇಲೆ ಒಪ್ಪಂದವಾಯಿತು. ಇಷ್ಟವಿದ್ದವರು ಪ್ರತ್ಯೇಕವಾಗಿ ಮಠದಲ್ಲೇ ಇರಬಹುದು, ಇಲ್ಲದವರು ಹೋಗಬಹುದು. ಅವರ ಜಾಗಕ್ಕೆ ಕಟ್ಟುನಿಟ್ಟಿನ ಆಚರಣೆಯ ಪೆರ್ಸೆನ್ಯ್ ಮಠದಿಂದ ಸನ್ಯಾಸಿಗಳು ಬಂದರು. ಗೋಡೆಗಳ ರಿಪೇರಿ ನಡೆಯಿತು.

ಇಲ್ಲಿಯವರೆಗೆ ರಾನ್ಸೆ ಹೆಸರಿಗೆ ಮಾತ್ರ ಮಠಾಧಿಪತಿ. ಇಷ್ಟಕ್ಕೆ ನಿಲ್ಲಿಸಿದ್ದರೂ ಒಳ್ಳೆಯ ಆಡಳಿತಗಾರನೆಂದು ಅವನನ್ನು ಹೊಗಳಬಹುದಿತ್ತು. ಅವನು ಮುಂದಿನ ಹೆಜ್ಜೆಯಿಟ್ಟ. ದೊರೆಯ ಅನುಮತಿ ಪಡೆದು, 1663ರ ಜೂನಿನಲ್ಲಿ ಪೆರ್ಸೆನ್ಯ್ ಮಠಕ್ಕೆ ಹೋಗಿ, ಮೂವತ್ತೇಳರ ವಯಸ್ಸಿನಲ್ಲಿ ಹೊಸ ಶಿಷ್ಯನಾಗಿ ತರಬೇತಿಗೆ ಕುಳಿತ. 1664ರ ಜೂನ್ 26ರಂದು ಸನ್ಯಾಸ ವ್ರತ ಸ್ವೀಕರಿಸಿದ. ಜುಲೈನಲ್ಲಿ ಮಠಾಧಿಪತಿಯಾಗಿ ಅವನ ಅಭಿಷೇಕ ನಡೆಯಿತು, ಮರುದಿನವೇ ಲಾ ತ್ರಾಪ್ ಸೇರಿದ. ಆದಾಯ ಉಣ್ಣುತ್ತಿದ್ದವನು ಅದೇ ಮಠದಲ್ಲಿ ಸನ್ಯಾಸಿಗಳ ಸಾಲಿನಲ್ಲಿ ಕುಳಿತು ಉಣ್ಣುವವನಾದ. ಲಾ ತ್ರಾಪ್‌ನ ಸುಧಾರಣೆಗೆ ಬಲ ಬಂದದ್ದು ಇದರಿಂದಲೇ: ರಾನ್ಸೆ ಇತರರ ಮೇಲೆ ಹೇರಿದ ಯಾವ ಕಷ್ಟವನ್ನೂ ತನಗೆ ತಪ್ಪಿಸಿಕೊಂಡವನಲ್ಲ.

ಅದೇ ವರ್ಷ ಕಟ್ಟುನಿಟ್ಟಿನ ಆಚರಣೆಯ ಮಠಗಳು ತಮ್ಮ ಪರವಾಗಿ ವಾದಿಸಲು ಅವನನ್ನು ರೋಮ್‌ಗೆ ಕಳಿಸಿದವು. ಎದುರು ಪಕ್ಷದ ನಾಯಕ ಸಿತೋದ ಮಠಾಧಿಪತಿ ಕ್ಲೋದ್ ವೋಸ್ಯಾಂ. ಎರಡು ವರ್ಷಗಳ ಓಡಾಟದ ನಂತರ 1666ರ ಏಪ್ರಿಲ್ 19ರಂದು ಪೋಪ್ ಏಳನೇ ಅಲೆಕ್ಸಾಂಡರ್ ಹೊರಡಿಸಿದ ಆಜ್ಞಾಪತ್ರ ಎರಡೂ ಆಚರಣೆಗಳಿಗೆ ಮಾನ್ಯತೆ ಕೊಟ್ಟಿತು, ಆದರೆ ಎರಡನ್ನೂ ಸಿತೋದ ಅಧಿಕಾರದ ಕೆಳಗೇ ಇಟ್ಟಿತು. ರಾನ್ಸೆಗೆ ಇದು ಸೋಲು. 1667ರಲ್ಲಿ ಸಿತೋದಲ್ಲಿ ನಡೆದ ಮಹಾ ಅಧಿವೇಶನದಲ್ಲಿ ಅವನು ಎದ್ದು ಪ್ರತಿಭಟಿಸಿದ. ಫಲ ಕಾಣಲಿಲ್ಲ. ಇಡೀ ಸಭೆಯನ್ನು ತಿದ್ದುವ ಆಸೆ ಅಲ್ಲಿಗೆ ಮುಗಿದು, ಅವನ ಶಕ್ತಿಯೆಲ್ಲ ಒಂದೇ ಮಠದ ಮೇಲೆ ನೆಟ್ಟಿತು.

ಲಾ ತ್ರಾಪ್‌ನ ದಿನಚರಿ ನಡುರಾತ್ರಿ ಕಳೆದು ಎರಡು ಗಂಟೆಗೆ ಆರಂಭವಾಗುತ್ತಿತ್ತು. ಸನ್ಯಾಸಿಗಳು ಒಂದೇ ಹಜಾರದಲ್ಲಿ, ಹುಲ್ಲಿನ ಹಾಸಿನ ಮೇಲೆ, ನಿಲುವಂಗಿಯಲ್ಲೇ ಮಲಗಿ ಏಳುತ್ತಿದ್ದರು. ಪ್ರಾರ್ಥನೆಯ ಕೀರ್ತನೆಗಳನ್ನು ನಿಧಾನವಾಗಿ, ಒಂದೇ ಗತಿಯಲ್ಲಿ ಹಾಡುತ್ತಿದ್ದರು. ಅದನ್ನು ಕೇಳಲೆಂದೇ ದೂರದಿಂದ ಜನ ಬರುವಂತಾಯಿತು. ದಿನಕ್ಕೆ ಸುಮಾರು ಮೂರು ಗಂಟೆ ಮೈಮುರಿಯುವ ಕೆಲಸ: ಅಗೆತ, ಸಗಣಿ ಗೊಬ್ಬರ ಹೊರುವುದು, ಬಟ್ಟೆ ಒಗೆಯುವುದು, ತರಕಾರಿ ಹೆಚ್ಚುವುದು. ಮಠಾಧಿಪತಿಗೂ ವಿನಾಯಿತಿ ಇರಲಿಲ್ಲ. ಕಟ್ಟುನಿಟ್ಟಿನ ಆಚರಣೆಯ ಇತರ ಮಠಗಳು ಮಾಂಸ ಬಿಟ್ಟು ಅಷ್ಟಕ್ಕೆ ನಿಂತರೆ, ಇಲ್ಲಿ ಮೀನು, ಮೊಟ್ಟೆ, ಬೆಣ್ಣೆಯೂ ಹೋದವು. ಉಪ್ಪು ನೀರಿನಲ್ಲಿ ಬೇಯಿಸಿದ ಸೊಪ್ಪು, ಬೇರು, ಕಾಳು, ಒರಟು ರೊಟ್ಟಿ, ಕುಡಿಯಲು ಸೇಬಿನ ಸೈಡರ್. ಚಳಿಗಾಲದ ಉಪವಾಸದ ತಿಂಗಳುಗಳಲ್ಲಿ ಊಟ ದಿನಕ್ಕೊಂದೇ, ಅದೂ ಮಧ್ಯಾಹ್ನ ಸರಿದ ಮೇಲೆ.

ಎಲ್ಲಕ್ಕಿಂತ ಹೆಸರಾದದ್ದು ಅಲ್ಲಿನ ಮೌನ. ಸನ್ಯಾಸಿಗಳು ಪರಸ್ಪರ ಮಾತಾಡುತ್ತಿರಲಿಲ್ಲ. ಕೆಲಸಕ್ಕೆ ಬೇಕಾದಷ್ಟನ್ನು ಹಳೆಯ ಸಿಸ್ಟರ್ಸಿಯನ್ ಕೈಸನ್ನೆಗಳಲ್ಲಿ ಹೇಳುತ್ತಿದ್ದರು. ಮಠಾಧಿಪತಿಯೊಂದಿಗೆ, ಮೇಲಿನವರೊಂದಿಗೆ ಮಾತಿಗೆ ಅವಕಾಶವಿತ್ತು, ಹೀಗಾಗಿ ಮೌನವ್ರತ ತೊಟ್ಟವರೆಂದು ಟ್ರಾಪಿಸ್ಟರ ಬಗ್ಗೆ ಹಬ್ಬಿರುವ ನಂಬಿಕೆ ತಪ್ಪು. ಅಂಥ ವ್ರತ ಯಾವತ್ತೂ ಇರಲಿಲ್ಲ. ಹೊರಗಿನ ಸುದ್ದಿ ಒಳಗೆ ಬರುವಂತಿರಲಿಲ್ಲ. ಯಾರದಾದರೂ ತಂದೆಯೋ ತಾಯಿಯೋ ಸತ್ತ ಸುದ್ದಿ ಬಂದರೆ, ‘ನಮ್ಮಲ್ಲೊಬ್ಬರ ಹೆತ್ತವರು ತೀರಿಕೊಂಡಿದ್ದಾರೆ’ ಎಂದಷ್ಟೇ ಎಲ್ಲರಿಗೂ ತಿಳಿಸಿ ಪ್ರಾರ್ಥನೆ ಮಾಡಿಸುತ್ತಿದ್ದರು, ಹೆಸರು ಹೇಳುತ್ತಿರಲಿಲ್ಲ. ಪ್ರತಿಯೊಬ್ಬನೂ ಸತ್ತವರು ತನ್ನವರೇ ಎಂಬಂತೆ ಪ್ರಾರ್ಥಿಸಬೇಕಿತ್ತು. ಇಷ್ಟು ನಿರ್ದಯವೂ ಇಷ್ಟು ಆಳವೂ ಆದ ಏರ್ಪಾಡು ಸನ್ಯಾಸದ ಚರಿತ್ರೆಯಲ್ಲಿ ಅಪರೂಪ.

ಈ ಕಠಿಣ ಬದುಕಿನ ಹಿಂದೆ ಒಂದು ಸ್ಪಷ್ಟ ಚಿಂತನೆಯಿತ್ತು. ರಾನ್ಸೆಗೆ ಸನ್ಯಾಸಿ ಎಂದರೆ ಪಶ್ಚಾತ್ತಾಪಿ: ತನ್ನ ಪಾಪಕ್ಕೂ ಲೋಕದ ಪಾಪಕ್ಕೂ ಅಳಲೆಂದು ಮೀಸಲಾದವನು. ಅವನಿಗೆ ಆದರ್ಶವಾದವರು ಈಜಿಪ್ಟಿನ ಮರುಭೂಮಿಯ ಆದಿ ತಪಸ್ವಿಗಳು, ಸಿನಾಯ್ ಬೆಟ್ಟದ ಯೋಹಾನ ಕ್ಲಿಮಾಕಸ್. ಸಂತ ಬರ್ನಾರ್ಡನ ಕಾಲದ ಸಿಸ್ಟರ್ಸಿಯನ್ನರಲ್ಲಿ ತಪಸ್ಸಿನ ಜೊತೆಗೆ ದೇವಪ್ರೇಮದ ಉಲ್ಲಾಸವೂ ತುಂಬಿತ್ತು. ರಾನ್ಸೆಯ ಲಾ ತ್ರಾಪ್‌ನಲ್ಲಿ ತಪಸ್ಸಿನ ಕಡೆ ಹೆಚ್ಚು ತೂಗಿತು. ಮೂಲಕ್ಕೆ ಮರಳುತ್ತೇನೆಂದು ಹೊರಟವನು ಮೂಲದಲ್ಲಿದ್ದ ಒಂದು ಬಣ್ಣವನ್ನೇ ಗಾಢವಾಗಿಸಿದ ಎಂಬ ಟೀಕೆಯಲ್ಲಿ ನ್ಯಾಯವಿದೆ. ತಪ್ಪು ಮಾಡದ ಸನ್ಯಾಸಿಯನ್ನೂ ವಿನಯ ಕಲಿಸಲೆಂದು ಎಲ್ಲರೆದುರು ಬೈಯುವ ರೂಢಿಯನ್ನು ಅವನ ಗೆಳೆಯನಾಗಿದ್ದ ಓತ್-ಫೋಂತೆನ್ ಮಠಾಧಿಪತಿ ಗಿಯೋಮ್ ಲ ರ್ವಾ ಆಕ್ಷೇಪಿಸಿದ, ಆ ವಾದದಲ್ಲಿ ಗೆಳೆತನವೇ ಮುರಿದುಹೋಯಿತು.

ಸಾವು ಕೂಡ ಮಠದಲ್ಲಿ ಬೇಗ ಬರುತ್ತಿತ್ತು. ಜೌಗಿನ ಶೀತ, ಅರೆಹೊಟ್ಟೆ, ಕಡಿಮೆ ನಿದ್ದೆ ಸೇರಿ ಅನೇಕ ಸನ್ಯಾಸಿಗಳು ಎದೆಯ ಕಾಯಿಲೆಯಿಂದ ಕೆಲವೇ ವರ್ಷಗಳಲ್ಲಿ ತೀರಿಕೊಂಡರು. ಸಾಯುವವನನ್ನು ನೆಲದ ಮೇಲೆ ಬೂದಿಯಿಂದ ಶಿಲುಬೆ ಬರೆದು, ಮೇಲೆ ಹುಲ್ಲು ಹರಡಿ ಮಲಗಿಸುವುದು ಹಳೆಯ ಸಿಸ್ಟರ್ಸಿಯನ್ ಪದ್ಧತಿ. ಲಾ ತ್ರಾಪ್ ಅದನ್ನು ಚಾಚೂ ತಪ್ಪದೆ ಪಾಲಿಸಿತು. ಈ ಸಾವುಗಳ ವೃತ್ತಾಂತಗಳನ್ನು ರಾನ್ಸೆಯೇ ಬರೆದು 1670ರ ದಶಕದ ಕೊನೆಯಿಂದ ಪ್ರಕಟಿಸತೊಡಗಿದ. ಓದಿದವರು ಹಿಂಜರಿಯಲಿಲ್ಲ. ಇತರ ಸಭೆಗಳ ಸನ್ಯಾಸಿಗಳು, ಮಾಜಿ ಸೈನಿಕರು, ಪಾದ್ರಿಗಳು ಬಂದು ಬಾಗಿಲು ತಟ್ಟಿದರು. 1675ರ ಜೂನ್ 26ರಂದು ಮಠದ ಎಲ್ಲ ಸನ್ಯಾಸಿಗಳೂ ತಮ್ಮ ವ್ರತಗಳನ್ನು ನವೀಕರಿಸಿ, ಈ ಸುಧಾರಣೆಯನ್ನು ಸಡಿಲಿಸುವುದಿಲ್ಲವೆಂದು ಪ್ರತಿಜ್ಞೆ ಮಾಡಿದರು. ಒತ್ತಾಯಕ್ಕೆ ಸಿಕ್ಕ ಜನ ಅಂಥ ಪ್ರತಿಜ್ಞೆಗೆ ಕೈಹಾಕುವುದಿಲ್ಲ.

ಮಠದ ಕೀರ್ತಿ ಹರಡಲು ಲೇಖಕ ಆಂದ್ರೆ ಫೆಲಿಬಿಯಾಂ 1671ರಲ್ಲಿ ಪ್ರಕಟಿಸಿದ ವರ್ಣನೆ ನೆರವಾಯಿತು. ವ್ಯಾಸಂಗದ ದಿನಗಳ ಗೆಳೆಯ, ಮಹಾ ಪ್ರವಚನಕಾರ ಬೋಸ್ಯುಯೆ ಮತ್ತೆ ಮತ್ತೆ ಬಂದು ಉಳಿದ. ಸಿಂಹಾಸನ ಕಳೆದುಕೊಂಡು, ಅದನ್ನು ಮರಳಿ ಪಡೆಯಲು ಹೋಗಿ ಬಾಯ್ನ್ ಕಾಳಗದಲ್ಲೂ ಸೋತು ಫ್ರಾನ್ಸಿನಲ್ಲಿ ಆಶ್ರಯ ಪಡೆದಿದ್ದ ಇಂಗ್ಲೆಂಡಿನ ದೊರೆ ಎರಡನೇ ಜೇಮ್ಸ್ 1690ರ ನವೆಂಬರಿನಲ್ಲಿ ಮೊದಲ ಸಲ ಬಂದ, ಆಮೇಲೆ ವರ್ಷವರ್ಷವೂ ಬರುತ್ತಿದ್ದ. ನೆರೆಯ ಜಹಗೀರಿನ ತರುಣ, ಮುಂದೆ ನೆನಪಿನ ಬರಹಗಳಿಂದ ಅಮರನಾದ ಸ್ಯಾಂ-ಸಿಮೋಂ ಡ್ಯೂಕ್‌ಗೆ ರಾನ್ಸೆಯ ಮೇಲೆ ತಂದೆಯ ಮೇಲಿನಷ್ಟು ಪ್ರೀತಿ. ಚಿತ್ರ ಬರೆಸಿಕೊಳ್ಳಲು ರಾನ್ಸೆ ಒಪ್ಪುವುದಿಲ್ಲವೆಂದು ತಿಳಿದ ಅವನು 1696ರಲ್ಲಿ ಚಿತ್ರಕಾರ ಇಯಾಸಿಂತ್ ರಿಗೋನನ್ನು ಒಬ್ಬ ಸೈನ್ಯಾಧಿಕಾರಿಯ ವೇಷದಲ್ಲಿ ಕರೆತಂದ. ರಿಗೋ ಕುಳಿತು ಮುಖವನ್ನು ಕಣ್ಣಲ್ಲಿ ತುಂಬಿಕೊಂಡು, ಪಕ್ಕದ ಕೋಣೆಗೆ ಹೋಗಿ ನೆನಪಿನಿಂದ ಬರೆದ. ರಾನ್ಸೆಯ ಮುಖ ನಮಗೆ ತಿಳಿದಿರುವುದು ಆ ಚಿತ್ರದಿಂದ.

1683ರಲ್ಲಿ ಬೋಸ್ಯುಯೆಯ ಒತ್ತಾಯಕ್ಕೆ ಮಣಿದು ರಾನ್ಸೆ ‘ಸನ್ಯಾಸ ಜೀವನದ ಪಾವಿತ್ರ್ಯ ಮತ್ತು ಕರ್ತವ್ಯಗಳು’ ಎಂಬ ಗ್ರಂಥವನ್ನು ಪ್ರಕಟಿಸಿದ. ಸನ್ಯಾಸಿಗೆ ಪ್ರಾರ್ಥನೆ, ದುಡಿಮೆಗಳು ಸಾಕು, ಪಾಂಡಿತ್ಯ ಅವನ ಕೆಲಸವಲ್ಲ ಎಂದು ಅಲ್ಲಿ ವಾದಿಸಿದ್ದು ಬೆನೆಡಿಕ್ಟೈನ್ ವಿದ್ವಾಂಸರಿಗೆ ನೇರವಾಗಿ ತಾಗಿತು. ಪ್ಯಾರಿಸ್‌ನ ಸ್ಯಾಂ-ಜೆರ್ಮ್ಯಾಂ-ದೆ-ಪ್ರೆ ಮಠದ ಜಾಂ ಮಾಬಿಯೋಂ ಆಗ ಯೂರೋಪಿನ ಮೊದಲ ಸಾಲಿನ ಇತಿಹಾಸಕಾರ. ಹಳೆಯ ಶಾಸನಪತ್ರಗಳಲ್ಲಿ ಅಸಲಿ ಯಾವುದು ನಕಲಿ ಯಾವುದು ಎಂದು ಪರೀಕ್ಷಿಸುವ ಶಾಸ್ತ್ರಕ್ಕೆ 1681ರಲ್ಲಿ ಬುನಾದಿ ಹಾಕಿದವನು. ಅವನು 1691ರಲ್ಲಿ ‘ಸನ್ಯಾಸಿಗಳ ವ್ಯಾಸಂಗ’ದ ಬಗ್ಗೆ ಬರೆದ ಗ್ರಂಥದಲ್ಲಿ, ಓದು ಮಠಗಳಿಗೆ ಮೊದಲಿನಿಂದ ಇದ್ದದ್ದೇ, ಅದೂ ಒಂದು ತಪಸ್ಸೇ ಎಂದು ಆಧಾರಸಹಿತ ತೋರಿಸಿದ. ರಾನ್ಸೆ ಮರುವರ್ಷ ಖಾರವಾಗಿ ಉತ್ತರಿಸಿದ, ಮಾಬಿಯೋಂ ಅದಕ್ಕೂ ಸಮಾಧಾನದಿಂದ ಪ್ರತ್ಯುತ್ತರ ಕೊಟ್ಟ. ಚರಿತ್ರೆಯ ಆಧಾರ ಮಾಬಿಯೋಂನ ಕಡೆಗೇ ಇತ್ತು. ಆದರೂ 1693ರಲ್ಲಿ ಅವನೇ ಲಾ ತ್ರಾಪ್‌ಗೆ ಹೋಗಿ ರಾನ್ಸೆಯನ್ನು ಕಂಡ, ಇಬ್ಬರೂ ಆತ್ಮೀಯವಾಗಿ ಬೀಳ್ಕೊಂಡರು. ಈ ವಾದದ ನೆರಳು ಟ್ರಾಪಿಸ್ಟರ ಮೇಲೆ ಬಹುಕಾಲ ಉಳಿಯಿತು. ಎರಡು ಶತಮಾನಗಳ ಕಾಲ ಅವರು ಗುದ್ದಲಿಯನ್ನು ನಂಬಿದಷ್ಟು ಪುಸ್ತಕವನ್ನು ನಂಬಲಿಲ್ಲ.

ಸಂಧಿವಾತದಿಂದ ಕೈ ಉಪಯೋಗಕ್ಕೆ ಬಾರದಂತಾದಾಗ, 1695ರಲ್ಲಿ ರಾನ್ಸೆ ಅಧಿಕಾರ ಬಿಟ್ಟುಕೊಟ್ಟ. 1700ರ ಅಕ್ಟೋಬರ್ 27ರಂದು ಹುಲ್ಲು ಬೂದಿಯ ಮೇಲೆ ಪ್ರಾಣಬಿಟ್ಟ. ಧರ್ಮಸಭೆ ಅವನನ್ನು ಸಂತನೆಂದು ಘೋಷಿಸಲಿಲ್ಲ.

ಅವನ ಕಾಲದಲ್ಲಿ ಲಾ ತ್ರಾಪ್ ಶಾಖಾಮಠಗಳನ್ನು ಹುಟ್ಟಿಸಲಿಲ್ಲ. ಸೆತ್-ಫೋಂ ಮಠದಲ್ಲಿ ಎಸ್ತಾಶ್ ದ ಬೋಫೋರ್ ಹೆಚ್ಚು ಕಡಿಮೆ ಅದೇ ವರ್ಷಗಳಲ್ಲಿ ತನ್ನದೇ ಸುಧಾರಣೆ ನಡೆಸಿದ್ದ. ಸವಾಯ್ ಪ್ರಾಂತದ ತಾಮಿಯೆ ಮಠ ಲಾ ತ್ರಾಪ್‌ನ ದಾರಿ ಹಿಡಿಯಿತು. 1705ರಲ್ಲಿ ಟಸ್ಕನಿಯ ದೊರೆ ಮೂರನೇ ಕೊಸಿಮೊನ ಕೋರಿಕೆಯ ಮೇಲೆ ಒಂದು ತಂಡ ಇಟಲಿಯ ಬೊನ್‌ಸೊಲಾತ್ಸೊಗೆ ಹೋಯಿತು. 18ನೇ ಶತಮಾನದುದ್ದಕ್ಕೂ ಲಾ ತ್ರಾಪ್ ಜನರಿಂದ ತುಂಬಿದ, ಶಿಸ್ತು ಕೆಡದ, ಆದರೆ ಒಂಟಿಯಾದ ಮಠವಾಗಿಯೇ ಇತ್ತು. ಫ್ರೆಂಚ್ ಕ್ರಾಂತಿ ನಡೆಯದೆ ಹೋಗಿದ್ದರೆ ಅದು ಹಾಗೆಯೇ ಉಳಿಯುತ್ತಿತ್ತೇನೋ.

1790ರ ಫೆಬ್ರವರಿ 13ರಂದು ಫ್ರಾನ್ಸಿನ ರಾಷ್ಟ್ರಸಭೆ ಸನ್ಯಾಸ ವ್ರತಗಳಿಗಿದ್ದ ಕಾನೂನಿನ ಮಾನ್ಯತೆಯನ್ನು ತೆಗೆದುಹಾಕಿ, ಸಭೆಗಳನ್ನು ರದ್ದುಮಾಡಿತು. ಸುತ್ತಲಿನ ಹಳ್ಳಿಗಳವರು ಲಾ ತ್ರಾಪ್ ಉಳಿಯಲೆಂದು ಮನವಿ ಮಾಡಿದರೂ ಫಲವಾಗಲಿಲ್ಲ. ಕಾದು ನೋಡೋಣವೆಂದು ಹಿರಿಯರು ಹೇಳಿದಾಗ, ಹೊಸ ಶಿಷ್ಯರ ಗುರುವಾಗಿದ್ದ ಒಗಸ್ತ್ಯಾಂ ದ ಲೆಸ್ತ್ರಾಂಜ್ ದೇಶ ಬಿಡಲು ನಿರ್ಧರಿಸಿದ. 1754ರಲ್ಲಿ ಹುಟ್ಟಿದ ಇವನು ಧರ್ಮಾಧ್ಯಕ್ಷನ ಪದವಿ ಕೈಗೆ ಬರುವ ಹೊತ್ತಿನಲ್ಲಿ ಅದನ್ನು ಬಿಟ್ಟು ಲಾ ತ್ರಾಪ್ ಸೇರಿದ್ದವನು. 1791ರ ವಸಂತದಲ್ಲಿ ಇಪ್ಪತ್ತಕ್ಕೂ ಹೆಚ್ಚು ಸನ್ಯಾಸಿಗಳನ್ನು ಮುಚ್ಚುಗಾಡಿಯಲ್ಲಿ ಕೂರಿಸಿಕೊಂಡು ಹೊರಟ. ದಾರಿಯುದ್ದಕ್ಕೂ ಗಾಡಿಯೊಳಗೆ ಮೌನ, ಪ್ರಾರ್ಥನೆ, ಉಪವಾಸಗಳು ಮಠದಲ್ಲಿದ್ದಂತೆಯೇ ನಡೆದವು.

ಸ್ವಿಟ್ಜರ್ಲೆಂಡಿನ ಫ್ರಿಬೂರ್ ಸರ್ಕಾರ ವಾಲ್‌ಸ್ಯಾಂತ್ ಕಣಿವೆಯಲ್ಲಿ ಖಾಲಿ ಬಿದ್ದಿದ್ದ, ಕಾರ್ಥೂಸಿಯನ್ ಎಂಬ ಇನ್ನೊಂದು ಸನ್ಯಾಸ ಸಭೆಯ ಮಠವೊಂದನ್ನು ಅವರಿಗೆ ಕೊಟ್ಟಿತು. ಜೂನ್ 1ರಂದು ಅವರು ಅಲ್ಲಿಗೆ ಸೇರಿದರು. ಕೃತಜ್ಞತೆಯ ಆವೇಶದಲ್ಲಿ ಲೆಸ್ತ್ರಾಂಜ್ ರಾನ್ಸೆಯ ಕಟ್ಟಳೆಗಳನ್ನೂ ಮೀರಿಸಿದ. ಹುಲ್ಲಿನ ಹಾಸು ಹೋಗಿ ಬರಿ ಹಲಗೆ ಬಂತು, ಊಟ ಇನ್ನೂ ಇಳಿಯಿತು, ದುಡಿಮೆ ಏರಿತು. ಆದರೆ ಇನ್ನೊಂದು ವಿಷಯದಲ್ಲಿ ಅವನು ರಾನ್ಸೆಗೆ ತದ್ವಿರುದ್ಧ. ರಾನ್ಸೆ ಒಂದೇ ಮಠಕ್ಕೆ ಅಂಟಿಕೊಂಡವನು, ಇವನು ದಿಕ್ಕುದಿಕ್ಕಿಗೆ ಸನ್ಯಾಸಿಗಳನ್ನು ಕಳಿಸಿದವನು. ಸ್ಪೇನ್‌ಗೆ ಒಂದು ತಂಡ, ಇಟಲಿಯ ಪೀಡ್‌ಮಾಂಟ್‌ಗೆ ಒಂದು, ಇಂಗ್ಲೆಂಡಿನ ಲಲ್ವರ್ತ್‌ಗೆ ಒಂದು. ಕೆನಡಾಕ್ಕೆಂದು ಹೊರಟವರು ದಾರಿಯಲ್ಲಿ ತಡೆಗೊಂಡು 1794ರಲ್ಲಿ ಬೆಲ್ಜಿಯಂನ ವೆಸ್ಟ್‌ಮಾಲೆಯಲ್ಲಿ ನೆಲೆ ನಿಂತರು. ಅದೇ ವರ್ಷ ಪೋಪ್ ಆರನೇ ಪಯಸ್ ವಾಲ್‌ಸ್ಯಾಂತ್‌ಗೆ ಪೂರ್ಣ ಮಠದ ಸ್ಥಾನ ಕೊಟ್ಟ, ಲೆಸ್ತ್ರಾಂಜ್ ಅದರ ಅಧಿಪತಿಯಾದ. ನೆಲೆ ಕಳೆದುಕೊಂಡ ಸನ್ಯಾಸಿನಿಯರಿಗಾಗಿ 1796ರಲ್ಲಿ ಮಹಿಳಾ ಮಠ ಆರಂಭವಾಯಿತು, ಮಕ್ಕಳಿಗೆ ಪಾಠ ಹೇಳಲು ಪ್ರತ್ಯೇಕ ವಿಭಾಗವೂ ಹುಟ್ಟಿತು.

1798ರ ಆರಂಭದಲ್ಲಿ ಫ್ರೆಂಚ್ ಸೇನೆ ಸ್ವಿಟ್ಜರ್ಲೆಂಡಿಗೆ ನುಗ್ಗಿತು. ಸನ್ಯಾಸಿಗಳು, ಸನ್ಯಾಸಿನಿಯರು, ಮಕ್ಕಳು ಸೇರಿ ಸುಮಾರು 250 ಜನ ಪೂರ್ವಕ್ಕೆ ಹೊರಟರು. ದಕ್ಷಿಣ ಜರ್ಮನಿ ದಾಟಿ, ಡ್ಯಾನ್ಯೂಬ್ ನದಿಯಲ್ಲಿ ದೋಣಿಯೇರಿ ವಿಯೆನ್ನಾ, ಅಲ್ಲಿಂದ ಪೋಲೆಂಡ್. ಫ್ರಾನ್ಸಿನ ರಾಜವಂಶದ ಲೂಯಿಸ್ ದ ಕೋಂದೆ ಆ ಗುಂಪಿನಲ್ಲಿ ಸನ್ಯಾಸಿನಿಯಾಗಿದ್ದಳು. ರಷ್ಯದ ಚಕ್ರವರ್ತಿ ಒಂದನೇ ಪಾಲ್‌ಗೆ ಅವಳ ಪರಿಚಯವಿತ್ತು. ಅವಳ ಪತ್ರದಿಂದಾಗಿ ಈಗಿನ ಬೆಲಾರುಸ್‌ನ ಒರ್ಶಾ ಪಟ್ಟಣದಲ್ಲಿ ಅವರಿಗೆ ಆಶ್ರಯ ಸಿಕ್ಕಿತು. 1800ರಲ್ಲಿ ಚಕ್ರವರ್ತಿ ಮನಸ್ಸು ಬದಲಿಸಿ, ಫ್ರಾನ್ಸಿನಿಂದ ಬಂದ ನಿರಾಶ್ರಿತರೆಲ್ಲ ಹೊರಡಬೇಕೆಂದ. ಮತ್ತೆ ಗಾಡಿಗಳು ಪಶ್ಚಿಮಕ್ಕೆ ತಿರುಗಿದವು. ಡಾನ್ಜಿಗ್, ಲ್ಯೂಬೆಕ್, ಹ್ಯಾಂಬರ್ಗ್ ಹಾದು, 1802ರಲ್ಲಿ ಉಳಿದವರು ವಾಲ್‌ಸ್ಯಾಂತ್‌ಗೆ ಮರಳಿದರು. ಈ ಅಲೆದಾಟದಲ್ಲಿ ಹಲವರು ದಾರಿಯಲ್ಲೇ ಸತ್ತರು. ಸ್ಥಿರವಾಗಿ ಒಂದೆಡೆ ನಿಲ್ಲುವುದೇ ಬೆನೆಡಿಕ್ಟ್‌ನ ಸನ್ಯಾಸಿಗಳ ವ್ರತಗಳಲ್ಲೊಂದು. ಅಂಥವರನ್ನು ಹೀಗೆ ಯೂರೋಪಿನುದ್ದ ನಡೆಸಿಯೂ ಗುಂಪನ್ನು ಒಡೆಯದಂತೆ ಇಟ್ಟದ್ದು ಲೆಸ್ತ್ರಾಂಜ್‌ನ ನಿಜವಾದ ಸಾಧನೆ.

ನೆಪೋಲಿಯನ್ ಮೊದಮೊದಲು ಟ್ರಾಪಿಸ್ಟರನ್ನು ಸಹಿಸಿದ, ಆಲ್ಪ್ಸ್ ಕಣಿವೆದಾರಿಯೊಂದರಲ್ಲಿ ದಾರಿಹೋಕರ ಆರೈಕೆಯ ಮನೆ ನಡೆಸಲು ಅವರನ್ನೇ ಕರೆದ. ಪೋಪ್‌ನೊಂದಿಗೆ ಅವನ ಜಗಳ ಬೆಳೆದಾಗ ಜಿನೋವಾ ಬಳಿಯ ಟ್ರಾಪಿಸ್ಟರು ಚಕ್ರವರ್ತಿಗೆ ಕೊಟ್ಟಿದ್ದ ನಿಷ್ಠೆಯ ಪ್ರಮಾಣವನ್ನು ಲೆಸ್ತ್ರಾಂಜ್‌ನ ಆದೇಶದಂತೆ ಬಹಿರಂಗವಾಗಿ ಹಿಂತೆಗೆದುಕೊಂಡರು. ಸಿಟ್ಟಾದ ನೆಪೋಲಿಯನ್ 1811ರ ಜುಲೈನಲ್ಲಿ ತನ್ನ ಸಾಮ್ರಾಜ್ಯದ ಎಲ್ಲ ಟ್ರಾಪಿಸ್ಟ್ ಮಠಗಳನ್ನು ಮುಚ್ಚಿಸಿದ. ಲೆಸ್ತ್ರಾಂಜ್ ತಲೆತಪ್ಪಿಸಿಕೊಂಡು 1813ರಲ್ಲಿ ಅಮೆರಿಕ ಸೇರಿದ. ನ್ಯೂಯಾರ್ಕಿನಲ್ಲಿ, ಈಗ ಸಂತ ಪ್ಯಾಟ್ರಿಕ್ ಪ್ರಧಾನಾಲಯ ಇರುವ ಜಾಗದಲ್ಲಿ, ಅವನ ಸನ್ಯಾಸಿಗಳು ಕೆಲಕಾಲ ಅನಾಥ ಮಕ್ಕಳನ್ನು ಸಾಕಿದರು. ನೆಪೋಲಿಯನ್ ಬಿದ್ದ ಮೇಲೆ, 1815ರಲ್ಲಿ ಅವನು ಹಿಂದಿರುಗಿ ಹಾಳುಬಿದ್ದ ಲಾ ತ್ರಾಪ್ ಅನ್ನು ಕೊಂಡುಕೊಂಡು ಮತ್ತೆ ಕಟ್ಟತೊಡಗಿದ. 1827ರಲ್ಲಿ ಲಿಯೋಂನಲ್ಲಿ ತೀರಿಕೊಂಡ.

ಅಷ್ಟರಲ್ಲಿ ಸುಧಾರಣೆಯೇ ಎರಡಾಗಿ ಒಡೆದಿತ್ತು. ಜರ್ಮನಿಯ ಡಾರ್ಫೆಲ್ಡ್‌ನಲ್ಲಿದ್ದ ಶಾಖೆ ಲೆಸ್ತ್ರಾಂಜ್‌ನ ಅತಿರೇಕ ಬೇಡವೆಂದು ರಾನ್ಸೆಯ ಕಟ್ಟಳೆಗಳಿಗೆ ಮರಳಿ, 1808ರಲ್ಲಿ ಸ್ವತಂತ್ರವಾಯಿತು. 1834ರಲ್ಲಿ ರೋಮ್ ಫ್ರಾನ್ಸಿನ ಮಠಗಳನ್ನು ಒಂದು ಸಮೂಹವಾಗಿಸಿದರೂ, 1847ರಲ್ಲಿ ಅವು ಮತ್ತೆ ಬೇರಾದವು. ವೆಸ್ಟ್‌ಮಾಲೆಯ ಸುತ್ತಿನ ಬೆಲ್ಜಿಯನ್ ಮಠಗಳದು ಮೂರನೆಯ ಗುಂಪು. ಒಡಕಿನ ನಡುವೆಯೂ ಮಠಗಳು ಹೆಚ್ಚುತ್ತ ಹೋದವು. 1817ರಲ್ಲಿ ಲಲ್ವರ್ತ್‌ನವರು ಫ್ರಾನ್ಸಿನ ಮೆಲ್‌ರೇಗೆ ಬಂದರು, ಮೆಲ್‌ರೇಯಿಂದ 1848ರಲ್ಲಿ ಅಮೆರಿಕದ ಕೆಂಟಕಿಯ ಗೆತ್ಸೆಮನಿ ಮಠ ಹುಟ್ಟಿತು. ದುಡಿದು ಉಣ್ಣಬೇಕೆಂಬ ನಿಯಮದಿಂದ ಪೋರ್-ದು-ಸಾಲ್ಯು ಮಠದ ಚೀಸ್, ವೆಸ್ಟ್‌ಮಾಲೆಯ ಬಿಯರ್ ಹೆಸರು ಮಾಡಿದವು. ಟ್ರಾಪಿಸ್ಟ್ ಎಂಬ ಹೆಸರನ್ನು ಅಂಗಡಿಯ ಶೀಶೆಯ ಮೇಲೆ ಮಾತ್ರ ಕಂಡವರು ಇಂದು ಜಗತ್ತಿನಲ್ಲಿ ಬಹಳ ಮಂದಿ ಇದ್ದಾರೆ.

1892ರ ಅಕ್ಟೋಬರಿನಲ್ಲಿ ಪೋಪ್ ಹದಿಮೂರನೇ ಲಿಯೊನ ಇಚ್ಛೆಯಂತೆ ಮೂರು ಗುಂಪುಗಳ ಮಠಾಧಿಪತಿಗಳು ರೋಮ್‌ನಲ್ಲಿ ಸೇರಿದರು. ಯಾರ ಕಟ್ಟಳೆ ಮೇಲು ಎಂಬ ಹಟವನ್ನು ಬದಿಗಿಟ್ಟು ಒಂದೇ ಸಭೆಯಾಗಲು ಒಪ್ಪಿದರು. ಸೆತ್-ಫೋಂ ಮಠದ ಸೆಬಾಸ್ತ್ಯಾಂ ವಿಯಾರ್ ಮೊದಲ ಮಹಾಮಠಾಧಿಪತಿಯಾಗಿ ಆಯ್ಕೆಯಾದ. ಡಿಸೆಂಬರ್ 8ರಂದು ಪೋಪ್‌ನ ಒಪ್ಪಿಗೆ ಹೊರಬಿತ್ತು. ‘ಲಾ ತ್ರಾಪ್ ಮಾತೆಯ ಸುಧಾರಿತ ಸಿಸ್ಟರ್ಸಿಯನ್ ಸಭೆ’ ಎಂಬ ಹೆಸರಿನಲ್ಲಿ ಟ್ರಾಪಿಸ್ಟರು ಕಾನೂನಿನ ಪ್ರಕಾರ ಪ್ರತ್ಯೇಕ ಸಭೆಯಾದರು. 1898ರಲ್ಲಿ ಕ್ರಾಂತಿಯ ಕಾಲದಲ್ಲಿ ಕೈಬಿಟ್ಟುಹೋಗಿದ್ದ ಸಿತೋವನ್ನೇ ಕೊಂಡು ಅಲ್ಲಿ ಮತ್ತೆ ದೀಪ ಹಚ್ಚಿದರು. ಎಲ್ಲಕ್ಕೂ ಮೊದಲಿನ ಮಠ ಕೈಗೆ ಬಂದ ಮೇಲೆ, 1902ರಲ್ಲಿ ಹೆಸರಿನಿಂದ ಲಾ ತ್ರಾಪ್ ಕೂಡ ಹೋಗಿ, ‘ಕಟ್ಟುನಿಟ್ಟಿನ ಆಚರಣೆಯ ಸಿಸ್ಟರ್ಸಿಯನ್ ಸಭೆ’ ಎಂಬುದು ಉಳಿಯಿತು.

ಭಾರತದಲ್ಲಿ ಈ ಸಭೆಯ ಕವಲು ಕೇರಳದಲ್ಲಿದೆ. ಬೆಲ್ಜಿಯಂನ ಸ್ಕೂರ್ಮೋಂ ಮಠದ ಟ್ರಾಪಿಸ್ಟ್ ಸನ್ಯಾಸಿ ಫ್ರಾನ್ಸಿಸ್ ಮಾಯ್ಯೂ 1958ರಲ್ಲಿ ವಾಗಮಣ್ ಬೆಟ್ಟದಲ್ಲಿ ಕುರಿಶುಮಲ ಆಶ್ರಮ ಆರಂಭಿಸಿದರು, ಮುಂದೆ ಫ್ರಾನ್ಸಿಸ್ ಆಚಾರ್ಯ ಎಂದು ಹೆಸರಾದರು. ಅವರ ಜೊತೆಗಿದ್ದ ಇಂಗ್ಲಿಷ್ ಬೆನೆಡಿಕ್ಟೈನ್ ಬೀಡ್ ಗ್ರಿಫಿತ್ಸ್ ಅದಕ್ಕೂ ಮೊದಲು ಬೆಂಗಳೂರಿನ ಬಳಿಯ ಕೆಂಗೇರಿಯಲ್ಲಿ ಒಂದು ಸಣ್ಣ ಮಠ ನಡೆಸಿದ್ದರು. ಕಾವಿ ಉಟ್ಟು, ನೆಲದ ಮೇಲೆ ಕುಳಿತು, ಸಿರಿಯಾಕ್ ಪರಂಪರೆಯ ಪ್ರಾರ್ಥನೆ ಹಾಡುತ್ತ, ಹಸು ಸಾಕಿ ಹಾಲು ಮಾರಿ ಬದುಕುವ ಈ ಆಶ್ರಮ 1998ರಲ್ಲಿ ವಿಧ್ಯುಕ್ತವಾಗಿ ಟ್ರಾಪಿಸ್ಟರ ಸಭೆಗೆ ಸೇರಿತು.